ತೂಕದ ಹೊತ್ತು: ಬ್ಯಾಡಗಿಯ ಓಣಿಯೊಂದರಲ್ಲಿ ವಿದ್ಯಾರ್ಥಿನಿಯ ಕ್ಷೇತ್ರಕಾರ್ಯ

ಬ್ಯಾಡಗಿಯಲ್ಲಿ ಕೂಲಿ ಹೆಂಗಸರ ನಡುವೆ ಕೆಲಸ ಮಾಡುವ ಸಣ್ಣ ಸಂಸ್ಥೆಯೊಂದರಲ್ಲಿ ನಾನು ಕ್ಷೇತ್ರಕಾರ್ಯದ ಮೇಲ್ವಿಚಾರಕಿ. ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುವ ಹುಡುಗ ಹುಡುಗಿಯರು ಪ್ರತಿ ವರ್ಷ ನಮ್ಮಲ್ಲಿಗೆ ಬರುತ್ತಾರೆ. ಅವರಲ್ಲಿ ಒಬ್ಬಳ ಒಂದು ಸೆಮಿಸ್ಟರಿನ ಕೆಲಸವನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ. ಕ್ಷೇತ್ರಕ್ಕೆ ಹೊರಟು ನಿಂತವರಿಗೆ, ಅವರನ್ನು ಕಳಿಸುವ ಅಧ್ಯಾಪಕರಿಗೆ, ನಮ್ಮ ಹಾಗೆ ಅವರನ್ನು ಬರಮಾಡಿಕೊಳ್ಳುವ ಸಂಸ್ಥೆಗಳಿಗೆ ಇದರಿಂದ ಉಪಯೋಗವಾಗಲಿ ಎಂಬುದು ಉದ್ದೇಶ. ವಿದ್ಯಾರ್ಥಿನಿಯನ್ನು ಸಹನಾ ಎಂದೂ, ಶಾಲೆಯ ಹುಡುಗಿಯನ್ನು ರೇಣುಕಾ ಎಂದೂ ಕರೆದಿದ್ದೇನೆ. ಎರಡೂ ನಿಜವಾದ ಹೆಸರುಗಳಲ್ಲ. ಓಣಿ, ಶಾಲೆ, ಕಾಲೇಜುಗಳ ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬರೆಯುವ ಮುಂಚೆ ಸಹನಾಳನ್ನೂ ರೇಣುಕಾಳ ತಾಯಿಯನ್ನೂ ಕೇಳಿದ್ದೇನೆ, ಇಬ್ಬರೂ ಒಪ್ಪಿದ್ದಾರೆ.

ಊರು, ಕೆಲಸ, ವಿದ್ಯಾರ್ಥಿನಿ

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿ.ಐ. (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬುದೇ ಅದರ ಹೆಸರುವಾಸಿ. ಸುತ್ತಲಿನ ಹಾವೇರಿ, ಗದಗ, ಧಾರವಾಡ ಜಿಲ್ಲೆಗಳಿಂದಷ್ಟೇ ಅಲ್ಲದೆ ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದಲೂ ಇಲ್ಲಿನ ಎಪಿಎಂಸಿ ಮಾರುಕಟ್ಟೆಗೆ ಮಾಲು ಬರುತ್ತದೆ. ವಾರಕ್ಕೆ ಎರಡು ದಿನ, ಸೋಮವಾರ ಮತ್ತು ಗುರುವಾರ, ಟೆಂಡರ್. ಹೊಸ ವರ್ಷ ಹುಟ್ಟಿದ ಮೇಲೆ ಬೇಸಿಗೆಯವರೆಗೂ ಆವಕ ಜೋರು. ಪುಡಿ ಮಾಡುವವರೂ ಬಣ್ಣದ ಎಣ್ಣೆ ತೆಗೆಯುವ ಕಾರ್ಖಾನೆಯವರೂ ತೊಟ್ಟು ಬಿಡಿಸಿದ ಕಾಯಿ ಕೇಳುತ್ತಾರೆ. ತೊಟ್ಟು ಬಿಡಿಸುವುದು ಪೂರಾ ಹೆಂಗಸರ ಕೆಲಸ. ಕೆಲವರು ಅಂಗಡಿ, ಗೋದಾಮಿಗೆ ಹೋಗಿ ಬಿಡಿಸುತ್ತಾರೆ, ಕೆಲವರ ಮನೆ ಬಾಗಿಲಿಗೆ ವ್ಯಾಪಾರಿಯ ಕಡೆಯ ಮೇಸ್ತ್ರಿ ಚೀಲ ತಂದು ಇಳಿಸುತ್ತಾನೆ. ಕೂಲಿ ಕಿಲೋ ಲೆಕ್ಕದಲ್ಲಿ. ಖಾರ ಕಡಿಮೆ ಎಂದು ಹೊರಗಿನವರು ಹೇಳಬಹುದು, ದಿನವಿಡೀ ಆ ಧೂಳಿನಲ್ಲಿ ಕುಳಿತವರ ಕಣ್ಣಿಗೆ ಅದು ಕಡಿಮೆಯಲ್ಲ. ಅಂಗೈಗೆ ಎಣ್ಣೆ ಹಚ್ಚಿಕೊಂಡು, ಸೆರಗಿನಿಂದ ಮೂಗು ಬಿಗಿದುಕೊಂಡು ಕೂರುತ್ತಾರೆ. ರಾತ್ರಿ ಕೂಸಿನ ಮೈ ಮುಟ್ಟಲು ಹೆದರುವ ತಾಯಂದಿರನ್ನು ನಾನು ಬಲ್ಲೆ.

ನಮ್ಮ ಸಂಸ್ಥೆಯದು ಸಂಜೆಯ ಪಾಠ ಕೇಂದ್ರ, ಮಹಿಳೆಯರ ಉಳಿತಾಯ ಗುಂಪು, ಪಿಂಚಣಿ-ರೇಷನ್ ಕಾರ್ಡಿನ ಕಾಗದಪತ್ರ, ಇಷ್ಟೇ ಕೆಲಸ. ಸಿಬ್ಬಂದಿ ಕಡಿಮೆ, ವಿದ್ಯಾರ್ಥಿ ಬಂದರೆ ನಿಜಕ್ಕೂ ಒಂದು ಕೈ ಹೆಚ್ಚಾಗುತ್ತದೆ.

ಸಹನಾ ಕುಂದಗೋಳದ ಕಡೆಯ ಹಳ್ಳಿಯವಳು, ಒಕ್ಕಲುತನದ ಮನೆತನ. ಹಾವೇರಿಯಲ್ಲಿ ಹಾಸ್ಟೆಲಿನಲ್ಲಿದ್ದು ಎರಡನೆಯ ಸೆಮಿಸ್ಟರ್ ಓದುತ್ತಿದ್ದಳು. 2023ರ ಜೂನ್‌ನಲ್ಲಿ ಹೆಂಗಸರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರನ್ನು ದೂರದ ಸಂಸ್ಥೆಗಳಿಗೆ ನಿಯೋಜಿಸಲು ಕಾಲೇಜುಗಳು ಹಿಂದೆಮುಂದೆ ನೋಡುವುದಿಲ್ಲ. ಮೊದಲು ಬಸ್ ಚಾರ್ಜಿಗೆ ಹೆದರಿ ಹಾಸ್ಟೆಲಿನ ಪಕ್ಕದ ಸಂಸ್ಥೆಯನ್ನೇ ಕೇಳುತ್ತಿದ್ದರು. ಇದು ಸಣ್ಣ ಸಂಗತಿಯಲ್ಲ, ಬಡ ಮನೆಯ ವಿದ್ಯಾರ್ಥಿನಿಗೆ ಒಳ್ಳೆಯ ಕ್ಷೇತ್ರ ಸಿಗುವುದು ಸಿಗದಿರುವುದು ಹಲವು ಸಲ ಅಷ್ಟರಲ್ಲೇ ತೀರ್ಮಾನವಾಗುತ್ತಿತ್ತು.

ಎಲ್ಲಿ ಸಿಕ್ಕಿಬಿತ್ತು

ಅವಳ ಚೀಲದಲ್ಲಿ ಕಾಲೇಜು ಕೊಟ್ಟ ಪಟ್ಟಿಯಿತ್ತು: ಸಮುದಾಯದ ಸಮೀಕ್ಷೆ, ಓಣಿಯ ನಕ್ಷೆ, ಒಂದು ವ್ಯಕ್ತಿಗತ ಕಾರ್ಯ (ಒಬ್ಬರ ಸಮಸ್ಯೆ ಹಿಡಿದು ಮಾಡುವ ಕೆಲಸ), ಒಂದು ಗುಂಪು ಕಾರ್ಯ, ಒಂದು ಸಮುದಾಯ ಕಾರ್ಯಕ್ರಮ. ಎಲ್ಲ ಕಡೆಯೂ ಇಂಥದೇ ಪಟ್ಟಿ ಇರುತ್ತದೆ, ಅದರಲ್ಲಿ ತಪ್ಪಿಲ್ಲ. ಆದರೆ ಪಟ್ಟಿಯನ್ನು ಮೇಲಿಂದ ಕೆಳಗೆ ಒಂದೊಂದಾಗಿ ಗೀಟು ಹಾಕುತ್ತಾ ಹೋಗಬೇಕು ಎಂದು ಅವಳು ತಿಳಿದಿದ್ದಳು. ಹಾಗಾಗಿ ಮೊದಲ ವಾರವೇ ಉದ್ದನೆಯ ಪ್ರಶ್ನಾವಳಿ ಹಿಡಿದು ಓಣಿಗೆ ಇಳಿದಳು. ಕುಟುಂಬದ ಆದಾಯ ಎಷ್ಟು, ಸಾಲ ಎಷ್ಟು, ಶೌಚಾಲಯ ಇದೆಯೇ? ಹೆಂಗಸರು ತಲೆಯೆತ್ತದೆ, ಕೈ ನಿಲ್ಲಿಸದೆ ಉತ್ತರ ಹೇಳಿದರು. ಒಬ್ಬಾಕೆ ಮಾತ್ರ ಕೇಳಿಯೇಬಿಟ್ಟಳು: "ಹ್ವಾದ ವರ್ಷಾನೂ ಒಬ್ಬಾಕಿ ಬಂದು ಬರಕೊಂಡ ಹೋದ್ಲು. ಬರದದ್ದು ಎಲ್ಲಿ ಹೋತವಾ?"

ಸಹನಾ ಆ ದಿನ ಪೆನ್ನು ಮುಚ್ಚಿ ಅವರ ಪಕ್ಕದಲ್ಲೇ ಕುಳಿತು ತಾನೂ ತೊಟ್ಟು ಬಿಡಿಸಲು ನೋಡಿದಳು. ಜನರ ಜೊತೆ ಬೆರೆಯಬೇಕು ಎಂದು ತರಗತಿಯಲ್ಲಿ ಹೇಳಿರುತ್ತಾರಲ್ಲ. ಆ ಹೆಂಗಸು ಅವಳ ಕೈಯಿಂದ ಕಾಯಿ ತೆಗೆದುಕೊಂಡಳು. ತೊಟ್ಟನ್ನು ಹಿಡಿದು ಜಗ್ಗಿದರೆ ಕಾಯಿಯ ಹೆಗಲು ಒಡೆಯುತ್ತದೆ, ಬೀಜ ಉದುರುತ್ತದೆ, ತೂಕ ಇಳಿಯುತ್ತದೆ, ಮೇಸ್ತ್ರಿ ಕೂಲಿ ಮುರಿಯುತ್ತಾನೆ. ಹೆಬ್ಬೆರಳಿನ ಉಗುರನ್ನು ತೊಟ್ಟಿನ ಬುಡಕ್ಕೆ ಒತ್ತಿ, ಕಾಯಿಯನ್ನು ಅರ್ಧ ತಿರುವಿದರೆ ಟೊಪ್ಪಿಗೆಯಷ್ಟೇ ಕಳಚಿ ಬರುತ್ತದೆ. ಅದು ಕೈಗೆ ಹತ್ತಲು ಒಂದು ಸುಗ್ಗಿ ಬೇಕು. ಅವರ ಕೂಲಿಯಿಂದ ನಾವು ಕಲಿಯುವ ಹಾಗಿಲ್ಲ.

ಅದೇ ಮನೆಯಲ್ಲಿ ರೇಣುಕಾ ಇದ್ದಳು. ಹನ್ನೆರಡು ವರ್ಷ, ಸರ್ಕಾರಿ ಶಾಲೆಯಲ್ಲಿ ಏಳನೆಯ ತರಗತಿ. ಸಂಕ್ರಾಂತಿ ಕಳೆದ ಮೇಲೆ ಶಾಲೆಗೆ ಹೋಗಿದ್ದು ಅಪರೂಪ. ತಾಯಿಯ ಎದುರು ಕುಳಿತು ಬಿಡಿಸುತ್ತಿದ್ದಳು. ಸಹನಾಳಿಗೆ ಸಂಕಟವಾಯಿತು, ಜೊತೆಗೆ ಪಟ್ಟಿಯ ವ್ಯಕ್ತಿಗತ ಕಾರ್ಯಕ್ಕೆ ಒಬ್ಬರು ಸಿಕ್ಕರು ಎಂಬ ಸಮಾಧಾನವೂ ಆಯಿತು ಎಂದು ಮುಂದೊಮ್ಮೆ ನೇರವಾಗಿ ಹೇಳಿದಳು. ಹಾಗೆ ಹೇಳುವ ಧೈರ್ಯವಿದ್ದ ಹುಡುಗಿ ಎಂಬ ಕಾರಣಕ್ಕೇ ಅವಳ ಮೇಲೆ ನನಗೆ ಭರವಸೆ ಮೂಡಿತು.

ಮಧ್ಯಾಹ್ನ ಕಚೇರಿಗೆ ಬಂದವಳೇ ಎರಡು ಪ್ರಸ್ತಾಪ ಇಟ್ಟಳು. ಒಂದು, ಈಗಲೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬೇಕು. ಇನ್ನೊಂದು, ಶಾಲೆಯ ಮಕ್ಕಳನ್ನು ಸೇರಿಸಿ ಬಾಲಕಾರ್ಮಿಕ ಪದ್ಧತಿ ವಿರುದ್ಧ ಜಾಥಾ ತೆಗೆಯಬೇಕು.

ಮೊದಲ ತೀರ್ಮಾನ

ಕಾನೂನನ್ನು ಅವಳು ಸರಿಯಾಗಿಯೇ ಓದಿದ್ದಳು. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾದ ಮೇಲೆ 14 ವರ್ಷದೊಳಗಿನ ಮಗುವನ್ನು ಯಾವ ಉದ್ಯೋಗಕ್ಕೂ ಹಚ್ಚುವಂತಿಲ್ಲ. ಮನೆತನದ ಸ್ವಂತ ಕಸುಬಿನಲ್ಲಿ ಶಾಲೆಯ ಹೊತ್ತು ಬಿಟ್ಟು, ಅಥವಾ ರಜೆಯಲ್ಲಿ, ಕೈಜೋಡಿಸಲು ಅವಕಾಶವಿದೆ. ಆದರೆ ಇಲ್ಲಿ ಚೀಲ ವ್ಯಾಪಾರಿಯದು, ಕೂಲಿ ಕಿಲೋ ಲೆಕ್ಕದ್ದು, ಹೊತ್ತು ಶಾಲೆಯದು. ಮನೆಯ ಕಟ್ಟೆಯ ಮೇಲೆ ನಡೆದರೂ ಇದು ಮನೆಯ ಕಸುಬಲ್ಲ. ಇದನ್ನು ಅವಳ ಎದುರು ಒಪ್ಪಿಕೊಂಡೇ ಮಾತು ಮುಂದುವರಿಸಿದೆ. ಹೊಸಬರು ಕಾನೂನು ಎತ್ತಿದಾಗ ಹಳಬರು "ಇಲ್ಲೆಲ್ಲಾ ಹೀಗೇನೇ" ಎಂದು ಬಾಯಿ ಮುಚ್ಚಿಸಿದರೆ ಆ ವಿದ್ಯಾರ್ಥಿ ಮತ್ತೆ ಯಾವತ್ತೂ ಕೇಳುವುದಿಲ್ಲ.

ಹಾಗಾದರೆ ಫೋನ್ ಯಾವಾಗ? ಇದನ್ನು ಕಾಗದದ ಮೇಲೆ ಬರೆದೆವು. ಹುಡುಗಿಯನ್ನು ಗೋದಾಮಿಗೆ ಕಳಿಸಿದರೆ, ಮುಂಗಡ ಹಣಕ್ಕೆ ಅವಳನ್ನು ಕಟ್ಟಿಹಾಕಿದ್ದು ಗೊತ್ತಾದರೆ, ಹೊಡೆತದ ಗುರುತು ಕಂಡರೆ, ಮದುವೆಯ ಮಾತು ಕಿವಿಗೆ ಬಿದ್ದರೆ ಅದೇ ದಿನ 1098. ಅಲ್ಲಿಯವರೆಗೆ ಶಾಲೆಯ ಮುಖ್ಯ ಶಿಕ್ಷಕರಿಗೆ ಗೈರುಹಾಜರಿಯ ಬಗ್ಗೆ ಸಂಸ್ಥೆಯಿಂದ ಬರವಣಿಗೆಯಲ್ಲಿ ತಿಳಿಸುವುದು, ಶಾಲಾಭಿವೃದ್ಧಿ ಸಮಿತಿಯವರನ್ನು ಜೊತೆಗೆ ತೆಗೆದುಕೊಳ್ಳುವುದು, ವಾರ ವಾರ ನೋಡುವುದು. ಕಾಗದಕ್ಕೆ ಇಬ್ಬರೂ ಸಹಿ ಮಾಡಿ ಕಡತದಲ್ಲಿಟ್ಟೆವು. ಮಗುವಿನ ವಿಷಯದಲ್ಲಿ "ಕಾದು ನೋಡೋಣ" ಎಂದು ಬಾಯಿಮಾತಿನಲ್ಲಿ ಹೇಳುವುದು ಅಪಾಯ. ಏನು ಕಂಡರೆ ಕಾಯುವುದನ್ನು ನಿಲ್ಲಿಸಬೇಕು ಎಂಬುದು ಬರವಣಿಗೆಯಲ್ಲಿರಬೇಕು.

ಜಾಥಾದ ಬಗ್ಗೆ ಬೇಡವೆನ್ನಲಿಲ್ಲ. ಅದು ಆ ಓಣಿಯಲ್ಲಿ ಹಾಯ್ದು ಹೋಗುವಾಗ ರೇಣುಕಾ ಎಲ್ಲಿ ಕುಳಿತಿರುತ್ತಾಳೆ, ಘೋಷಣೆ ಕೂಗುವವರಲ್ಲಿ ಅವಳ ತರಗತಿಯವರು ಎಷ್ಟು ಜನ ಇರುತ್ತಾರೆ ಎಂದು ಕೇಳಿದೆ. ಸಹನಾ ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಅದನ್ನು ತಾನೇ ಪಟ್ಟಿಯಿಂದ ತೆಗೆದಳು.

ವರದಿಯಲ್ಲಿ ಬಿಟ್ಟುಹೋದ ಸಾಲು

ಅವಳ ವರದಿಗಳು ಎಲ್ಲ ವಿದ್ಯಾರ್ಥಿಗಳ ವರದಿಗಳಂತೆಯೇ ಇದ್ದವು: ಮನೆಭೇಟಿ ಮಾಡಲಾಯಿತು, ಶಿಕ್ಷಣದ ಮಹತ್ವವನ್ನು ತಿಳಿಸಲಾಯಿತು, ತಾಯಿ ಸಕಾರಾತ್ಮಕವಾಗಿ ಸ್ಪಂದಿಸಿದರು. ಓದಿದರೆ ಯಾವ ಮನೆ, ಯಾವ ತಾಯಿ ಎಂಬುದೇ ಕಾಣುವುದಿಲ್ಲ. ಮುಂದಿನ ಭೇಟಿಯ ಮಾತುಕತೆಯನ್ನು, ಅದರಲ್ಲಿ ಒಂದು ಹತ್ತು ನಿಮಿಷದ್ದನ್ನು ಮಾತ್ರ, ನಾಟಕದ ಸಂಭಾಷಣೆಯಂತೆ ಬರೆದು ತಾ ಎಂದೆ. ಅವರು ಏನಂದರು, ನೀನು ಏನಂದೆ, ಆಗ ನಿನ್ನ ಮನಸ್ಸಿನಲ್ಲಿ ಏನಿತ್ತು. ಪಕ್ಕದಲ್ಲಿ ಅಂಚು ಬಿಡು, ಅಲ್ಲಿ ನಾನು ಬರೆಯುತ್ತೇನೆ. ಸಮಾಜಕಾರ್ಯದ ತರಬೇತಿಯಲ್ಲಿ ಇದು ಬಹಳ ಹಳೆಯ ಪದ್ಧತಿ. ಈಗ ಸಮಯವಿಲ್ಲ ಎಂದು ಎಲ್ಲ ಕಡೆ ಬಿಟ್ಟುಬಿಡುತ್ತಿದ್ದಾರೆ. ಮೊಬೈಲಿನಲ್ಲಿ ತೆಗೆದ ಫೋಟೋ ಅಂಟಿಸುವುದಕ್ಕಿಂತ ಇದು ನೂರು ಪಾಲು ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಅವಳು ತಂದ ಹಾಳೆಯಲ್ಲಿ ಈ ಭಾಗವಿತ್ತು:

ನಾನು: ಅಕ್ಕಾರ, ರೇಣುಕಾ ಸಾಲಿಗೆ ಹೋದ್ರ ಮುಂದ ನೌಕರಿ ಆಗತೈತಿ.
ತಾಯಿ: ಹೌದ್ರಿ.
ನಾನು: ಮತ್ತ ನಾಳಿಂದ ಕಳಸ್ತೀರಲ್ಲಾ?
ತಾಯಿ: ಹನ್ನೊಂದಕ್ಕ ಅವಾ ಬರ್ತಾನ್ರಿ. ಅಕಿ ಇಲ್ಲಂದ್ರ ನನಗ ಕಾಟಾ ಗೊತ್ತಾಗೂದಿಲ್ಲ.
ನಾನು: ಸರ್ಕಾರದಿಂದ ಪುಸ್ತಕ, ಊಟ ಎಲ್ಲಾ ಪುಕ್ಕಟೆ ಐತಿ.

ತಾಯಿಯ ಎರಡನೆಯ ಮಾತಿನ ಕೆಳಗೆ ಗೆರೆ ಎಳೆದು ಅಂಚಿನಲ್ಲಿ "ಯಾರು ಬರ್ತಾರೆ?" ಎಂದು ಬರೆದೆ. ಸಹನಾ ಆ ಹಾಳೆಯನ್ನು ಎರಡು ಸಲ ಓದಿದಳು. ಆ ಮಾತು ತನ್ನ ಕಿವಿಗೆ ಬಿದ್ದಿತ್ತು, ಕೈ ಅದನ್ನು ಬರೆದೂ ಇತ್ತು, ಆದರೆ ತಾನು ಅದಕ್ಕೆ ಉತ್ತರವನ್ನೇ ಕೊಟ್ಟಿಲ್ಲ ಎಂಬುದು ಅವಳಿಗೆ ಆಗ ಕಂಡಿತು. ಇಡೀ ಸೆಮಿಸ್ಟರ್ ತಿರುಗಿದ್ದು ಈ ಒಂದು ಹಾಳೆಯ ಮೇಲೆ.

ಹನ್ನೊಂದು ಗಂಟೆಗೆ ಬರುತ್ತಿದ್ದವನು ಮೇಸ್ತ್ರಿ. ಬಿಡಿಸಿದ ಕಾಯಿಯನ್ನು ಎಲೆಕ್ಟ್ರಾನಿಕ್ ಕಾಟಾದ ಮೇಲಿಟ್ಟು, ತೂಕ ಹೇಳಿ, ಚೀಟಿಯಲ್ಲಿ ಬರೆದು, ಹೊಸ ಚೀಲ ಇಳಿಸಿ ಹೋಗುತ್ತಿದ್ದ. ತಾಯಿಗೆ ಅಂಕಿ ಓದಲು ಬಾರದು. ಹಿಂದಿನ ಸುಗ್ಗಿಯಲ್ಲಿ ವಾರದ ಕೊನೆಗೆ ಲೆಕ್ಕ ತಾಳೆಯಾಗದೆ ಜಗಳವಾಗಿತ್ತು. ಅಂದಿನಿಂದ ಆ ಹೊತ್ತಿಗೆ ಮಗಳು ಕಾಟಾದ ಮುಂದೆ ನಿಂತು ಅಂಕಿ ಓದಿ ತನ್ನ ಹಳೆಯ ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಳ್ಳುತ್ತಿದ್ದಳು. ಹುಡುಗಿ ದಿನವಿಡೀ ಮನೆಯಲ್ಲಿರುವುದು ಅವಳು ಬಿಡಿಸುವ ಕಾಯಿಯ ಕೂಲಿಗಾಗಿ ಎಂದು ನಾವೆಲ್ಲ ತಿಳಿದಿದ್ದೆವು. ಆ ಕೂಲಿಯೂ ಬೇಕಿತ್ತು ನಿಜ. ಆದರೆ ಅವಳನ್ನು ಶಾಲೆ ಬಿಡಿಸಿದ್ದು ಹನ್ನೊಂದು ಗಂಟೆಯ ಆ ಕಾಲುತಾಸು. ಶಾಲೆಯಲ್ಲಿ ಕಲಿತ ಅಂಕಿಯೇ ಅವಳನ್ನು ಶಾಲೆಯಿಂದ ಹೊರಗೆ ತಂದಿತ್ತು.

ಯಾರು ಮಾತಾಡಬೇಕು

ವಿಷಯ ತಿಳಿದ ಕೂಡಲೇ ಸಹನಾ ಮೇಸ್ತ್ರಿಯ ಜೊತೆ ಮಾತಾಡಲು ಎದ್ದಳು. ಆಗ ಅವಳನ್ನು ತಡೆದೆ, ಕಾರಣವನ್ನೂ ಹೇಳಿದೆ. ಮೇ ತಿಂಗಳಿಗೆ ನೀನು ಹೋಗುತ್ತೀ, ಮೇಸ್ತ್ರಿ ಅಲ್ಲೇ ಇರುತ್ತಾನೆ. ನಿನ್ನ ಮೇಲಿನ ಸಿಟ್ಟಿಗೆ ಆ ಮನೆಗೆ ಚೀಲ ಇಳಿಸುವುದನ್ನು ನಿಲ್ಲಿಸಿದರೆ ಆ ತಾಯಿ ಏನು ಮಾಡಬೇಕು? ನೀನು ಶುರು ಮಾಡಿದ್ದನ್ನು ಮುಂದೆ ಹಿಡಿದುಕೊಳ್ಳುವವರು ಯಾರು ಎಂದು ಹೆಸರು ಹೇಳಲು ಬರದಿದ್ದರೆ ಅದನ್ನು ಶುರು ಮಾಡಬೇಡ. ಈ ಮಾತನ್ನು ಪ್ರತಿ ವಿದ್ಯಾರ್ಥಿಗೂ ಹೇಳುತ್ತೇನೆ. ಕ್ಷೇತ್ರಕ್ಕೆ ಬಂದ ವಿದ್ಯಾರ್ಥಿ ಹೊರಟುಹೋಗುವ ಮನುಷ್ಯ, ಮೊದಲ ದಿನದಿಂದ ಅದನ್ನು ನೆನಪಿಟ್ಟುಕೊಂಡೇ ಕೆಲಸ ಮಾಡಬೇಕು.

ಅವಳು ಬೇರೆ ದಾರಿ ಹುಡುಕಿದಳು. ಆ ಸಾಲಿನ ಇತರ ಮನೆಗಳಲ್ಲಿ ತೂಕದ ಹೊತ್ತಿಗೆ ಯಾರು ನಿಲ್ಲುತ್ತಾರೆ ಎಂದು ಒಂದೇ ಒಂದು ಪ್ರಶ್ನೆ ಕೇಳುತ್ತಾ ಹೋದಳು. ಈ ಸಲ ಹೆಂಗಸರು ತಲೆಯೆತ್ತಿ ಮಾತಾಡಿದರು. ಇನ್ನೆರಡು ಮನೆಗಳಲ್ಲೂ ಶಾಲೆಯ ಮಕ್ಕಳೇ ನಿಲ್ಲುತ್ತಿದ್ದರು. ಒಬ್ಬ ಅಜ್ಜಿ ಬೆರಳಿನ ಗೆಣ್ಣು ಎಣಿಸುತ್ತಿದ್ದಳು. ಕೊನೆಯ ಮನೆಯ ಸೊಸೆ ಪಿಯುಸಿ ಓದಿದವಳು, ಮದುವೆಯಾಗಿ ಬಂದ ಮೇಲೆ ಪೆನ್ನು ಹಿಡಿಯದವಳು. ಸಂಜೆ ಪಾಠ ಕೇಂದ್ರದಲ್ಲಿ ಇವರನ್ನೆಲ್ಲ ಕೂಡಿಸಿದಾಗ ಸಹನಾ ಭಾಷಣ ಮಾಡಲಿಲ್ಲ. ನಮ್ಮ ಕಾರ್ಯಕರ್ತೆ ಮಾತು ಎತ್ತಿದಳು, ಹೆಂಗಸರೇ ದಾರಿ ಹೇಳಿದರು: ಎಲ್ಲರದೂ ಒಂದೇ ಕಟ್ಟೆಯ ಮೇಲೆ ತೂಗಬೇಕು, ಸೊಸೆ ಎಲ್ಲರ ಲೆಕ್ಕ ಒಂದೇ ವಹಿಯಲ್ಲಿ ಬರೆಯಬೇಕು. ಅವಳ ಅತ್ತೆಯನ್ನು ಒಪ್ಪಿಸಲು ಹಿಡಿದಷ್ಟು ಹೊತ್ತು ಮೇಸ್ತ್ರಿಯನ್ನು ಒಪ್ಪಿಸಲು ಹಿಡಿಯಲಿಲ್ಲ. ಅವನು ಮೊದಲು "ನನ್ನ ಮ್ಯಾಲೆ ನಂಬಿಕಿ ಇಲ್ಲೇನ?" ಎಂದು ಎರಡು ದಿನ ಚೀಲ ತರಲಿಲ್ಲ. ಆ ಎರಡು ದಿನ ನಮಗೆಲ್ಲ ಬಹಳ ಭಾರವಾಗಿತ್ತು. ಮೂರನೆಯ ದಿನ ಹಿರಿಯ ಹೆಂಗಸೊಬ್ಬಳು ಅವನ ಮನೆಗೇ ಹೋಗಿ, ಮನೆ ಮನೆ ತಿರುಗುವ ಬದಲು ಒಂದೇ ಕಡೆ ತೂಗಿದರೆ ಅವನಿಗೂ ಹೊತ್ತು ಉಳಿಯುತ್ತದೆ ಎಂದು ಹೇಳಿ ಬಂದಳು. ಆ ಮಾತು ಅವನಿಗೆ ಹಿಡಿಸಿತು.

ಇದೇ ಹೊತ್ತಿಗೆ ಕಾಲೇಜಿನ ಜೊತೆಗೂ ಒಂದು ತಕರಾರು ಬಂತು. ಕ್ಷೇತ್ರಕಾರ್ಯಕ್ಕೆ ಗೊತ್ತು ಮಾಡಿದ ದಿನಗಳು ಗುರುವಾರ, ಶುಕ್ರವಾರ. ಗುರುವಾರ ಟೆಂಡರ್ ಇರುವುದರಿಂದ ಓಣಿಯ ಅರ್ಧ ಹೆಂಗಸರು ಯಾರ್ಡಿನಲ್ಲಿ ಕಸ ಹೊಡೆಯಲು, ಕಾಯಿ ಆರಿಸಲು ಹೋಗಿರುತ್ತಾರೆ. ಶನಿವಾರವಾದರೆ ಶಾಲೆ ಬೆಳಗಿನ ಹೊತ್ತು ಮಾತ್ರ, ಮಧ್ಯಾಹ್ನ ಮಕ್ಕಳೂ ಸಿಗುತ್ತಾರೆ. ದಿನ ಬದಲಿಸಿಕೊಡಿ ಎಂದು ಸಹನಾ ತಾನೇ ಅರ್ಜಿ ಬರೆದಳು, ಅದಕ್ಕೆ ಸಂಸ್ಥೆಯ ಪತ್ರ ಲಗತ್ತಿಸಿದೆವು. ಅಧ್ಯಾಪಕರು ಬ್ಯಾಡಗಿಗೆ ಬಂದು ಮೂವರೂ ಕೂತು ಮಾತಾಡಿದ ಮೇಲೆ ಒಪ್ಪಿದರು. ಸಮುದಾಯ ಕಾರ್ಯಕ್ರಮ ಎಲ್ಲಿ ಎಂದು ಅವರು ಕೇಳಿದ್ದೂ ನ್ಯಾಯವೇ, ಅಂಕ ಹಾಕುವವರು ಅವರು. ಕಾರ್ಯಕ್ರಮದ ವಿಷಯ ಅಷ್ಟರಲ್ಲಿ ಓಣಿಯಿಂದಲೇ ಬಂದಿತ್ತು, ಕಾಟಾ ಓದುವುದನ್ನು ನಮಗೂ ಕಲಿಸಿರಿ ಎಂದು ಹೆಂಗಸರು ಕೇಳಿದ್ದರು. ಒಂದು ಶನಿವಾರ ಸಂಜೆ ಕಾಟಾ ಒಂದನ್ನು ಎರವಲು ತಂದು ಕೂತೆವು. ತೂಗುವ ಮೊದಲು ಸೊನ್ನೆ ಕಾಣಬೇಕು, ಖಾಲಿ ಚೀಲದ ತೂಕ ಕಳೆಯಬೇಕು, ಚುಕ್ಕೆಯ ಈಚೆಗಿನ ಅಂಕಿ ಕಿಲೋ, ಆಚೆಗಿನದು ಗ್ರಾಂ. ವ್ಯಾಪಾರಕ್ಕೆ ಬಳಸುವ ಕಾಟಾವನ್ನು 2009ರ ಕಾನೂನು ಮಾಪನ ಕಾಯ್ದೆಯ ಪ್ರಕಾರ ಇಲಾಖೆಯವರು ಪರೀಕ್ಷಿಸಿ ಮುದ್ರೆ ಹಾಕಿರಬೇಕು, ಎಲೆಕ್ಟ್ರಾನಿಕ್ ಕಾಟಾಕ್ಕೆ ಇದು ವರ್ಷ ವರ್ಷ ಆಗಬೇಕು. ಬೆರಳಿನ ಗೆಣ್ಣು ಎಣಿಸುವ ಅಜ್ಜಿ ತನ್ನ ಎಲೆಅಡಿಕೆ ಚೀಲವನ್ನೇ ತೂಗಿಸಿ ಅಂಕಿ ಓದಿ ಹೇಳಿದಳು. ಆ ಕಾರ್ಯಕ್ರಮಕ್ಕೆ ಬ್ಯಾನರ್ ಇರಲಿಲ್ಲ, ಹಾಜರಾತಿಯಲ್ಲಿ ಹೆಬ್ಬೆಟ್ಟುಗಳೇ ಹೆಚ್ಚಿದ್ದವು. ಅಧ್ಯಾಪಕರು ಅದನ್ನು ಮನಸಾರೆ ಒಪ್ಪಿಕೊಂಡರು.

ಆದದ್ದು, ಆಗದೇ ಉಳಿದದ್ದು

ರೇಣುಕಾ ಫೆಬ್ರವರಿ ಮುಗಿಯುವ ಮುಂಚೆ ಶಾಲೆಗೆ ಮರಳಿದಳು. ಅವಳು ಬಿಡಿಸುತ್ತಿದ್ದ ಕಾಯಿಯ ಕೂಲಿ ಮನೆಗೆ ಕಡಿಮೆಯಾಯಿತು. ತಾಯಿ ಅದನ್ನು ಲೆಕ್ಕ ಹಾಕಿ, ತಿಳಿದೇ ಒಪ್ಪಿದ್ದಳು. ಆ ತೀರ್ಮಾನದ ಶ್ರೇಯಸ್ಸು ಪೂರ್ತಿ ಅವಳದು. ಬಿಟ್ಟುಹೋದ ಪಾಠಕ್ಕೆ ಸಂಜೆ ಕೇಂದ್ರದಲ್ಲಿ ಸಹನಾ ಮತ್ತು ನಮ್ಮ ಕಾರ್ಯಕರ್ತೆ ಜೊತೆಗೆ ಕುಳಿತರು. ಹುಡುಗಿ ಪರೀಕ್ಷೆ ಬರೆದಳು, ಜೂನ್‌ನಲ್ಲಿ ಎಂಟನೆಯ ತರಗತಿಗೆ ಹೈಸ್ಕೂಲು ಸೇರಿದಳು.

ಇನ್ನೆರಡು ಮನೆಗಳ ಮಕ್ಕಳಲ್ಲಿ ಒಬ್ಬ ಹುಡುಗ ಮರಳಿದ. ಇನ್ನೊಬ್ಬ ಹುಡುಗಿಯ ಕುಟುಂಬ ಸುಗ್ಗಿಯ ನಡುವೆಯೇ ಗೋವಾದ ಕಡೆ ಕಟ್ಟಡ ಕೆಲಸಕ್ಕೆ ಹೋಯಿತು. ಅಲ್ಲಿನ ಶಾಲೆಗೆ ವರ್ಗಾವಣೆ ಪತ್ರ ತಡವಾದರೂ ಸೇರಿಸಿಕೊಳ್ಳಲೇಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆಯಲ್ಲಿದೆ. ಹೊರಡುವ ಮುಂಚೆ ಅದನ್ನು ಅವರಿಗೆ ಹೇಳಿ, ಶಾಲೆಯಿಂದ ಓದಿನ ದೃಢೀಕರಣವನ್ನೂ ಕೊಡಿಸಿದೆವು. ಆ ಹುಡುಗಿಯ ಸುದ್ದಿ ಆಮೇಲೆ ಬರಲಿಲ್ಲ. ಸಹನಾ ತನ್ನ ಅಂತಿಮ ವರದಿಯಲ್ಲಿ ಈ ಮನೆಯ ಬಗ್ಗೆ ಒಂದಿಡೀ ಪುಟ ಬರೆದಿದ್ದಳು. ವಿದ್ಯಾರ್ಥಿಗಳು ಸಾಮಾನ್ಯವಾಗಿ ಬಿಟ್ಟುಬಿಡುವ ಪುಟ ಅದು. ಮೌಖಿಕ ಪರೀಕ್ಷೆಯಲ್ಲಿ ಹೆಚ್ಚು ಪ್ರಶ್ನೆ ಬಂದದ್ದೂ ಅದರ ಮೇಲೆಯೇ, ಅವಳು ಚೆನ್ನಾಗಿ ಉತ್ತರಿಸಿದಳಂತೆ.

ಬೀಳ್ಕೊಡುಗೆಯ ಬಗ್ಗೆ ಒಂದು ಮಾತು ಬರೆಯಲೇಬೇಕು. ಮೊದಲ ತಿಂಗಳಲ್ಲೇ ಸಹನಾ ತನ್ನ ಸ್ವಂತ ಮೊಬೈಲ್ ನಂಬರನ್ನು ಓಣಿಯಲ್ಲಿ ಕೊಟ್ಟಿದ್ದಳು. ರಾತ್ರಿ ಹತ್ತಕ್ಕೆಲ್ಲ ಫೋನ್ ಬರತೊಡಗಿದವು: ರೇಷನ್ ಕಾರ್ಡು, ಗಂಡನ ಕುಡಿತ, ಗೃಹಲಕ್ಷ್ಮಿ ಹಣ. ಅವಳು ಬೇಡವೆನ್ನಲಾರದೆ ಬಳಲಿದಳು. ಮೇಲ್ವಿಚಾರಣೆಯ ಮಾತುಕತೆಗೆ ಅದನ್ನು ತಂದ ಮೇಲೆ, ಬಂದ ಪ್ರತಿ ಕರೆಗೂ ಸಂಸ್ಥೆಯ ನಂಬರು ಹೇಳಿ, ಮರುದಿನ ಕಾರ್ಯಕರ್ತೆಯಿಂದ ವಾಪಸು ಕರೆ ಮಾಡಿಸುವ ವ್ಯವಸ್ಥೆ ಮಾಡಿಕೊಂಡೆವು. ಏಪ್ರಿಲ್ ಹೊತ್ತಿಗೆ ಹೆಚ್ಚಿನ ಕರೆಗಳು ನೇರ ಕಚೇರಿಗೇ ಬರುತ್ತಿದ್ದವು. ತಾನು ಹೋಗುವ ದಿನವನ್ನು ಅವಳು ಒಂದು ತಿಂಗಳ ಮೊದಲೇ ಹೇಳಲು ಶುರು ಮಾಡಿದಳು, ಪ್ರತಿ ಭೇಟಿಯಲ್ಲೂ ಕಾರ್ಯಕರ್ತೆಯನ್ನು ಜೊತೆಗೆ ಕರೆದೊಯ್ದಳು. ಮತ್ತೆ ಬರ್ತೀರಾ ಎಂದು ರೇಣುಕಾ ಕೇಳಿದಾಗ, "ಕೆಲಸಕ್ಕ ಬರೂದಿಲ್ಲ, ನಿನ್ನ ಅಭ್ಯಾಸ ಈ ಅಕ್ಕಾರು ನೋಡ್ತಾರ" ಎಂದು ಸುಳ್ಳಿಲ್ಲದೆ ಹೇಳಿದಳು. ಅಳು ಬಂದರೂ ಹಾಗೆ ಹೇಳಿದ್ದಕ್ಕೆ ಅವಳನ್ನು ನಾನು ಮೆಚ್ಚುತ್ತೇನೆ.

ತೂಕದ ವಹಿ ಮುಂದಿನ ಸುಗ್ಗಿಗೂ ನಡೆಯಿತು. ನಡುವೆ ಸೊಸೆ ಬಾಣಂತನಕ್ಕೆ ತವರಿಗೆ ಹೋದಾಗ ಕೆಲವು ವಾರ ನಿಂತಿತು. ಆಗ ಮತ್ತೆ ಮಕ್ಕಳನ್ನು ಕಾಟಾದ ಮುಂದೆ ನಿಲ್ಲಿಸುವ ಮಾತು ಬಂತು. ಅಂಕಿ ಕಲಿತಿದ್ದ ಇಬ್ಬರು ಹೆಂಗಸರು, ರೇಣುಕಾಳ ತಾಯಿಯೂ ಅವರಲ್ಲಿ ಒಬ್ಬಳು, ತೂಕ ಓದಿ ಹೇಳುವುದನ್ನು ವಹಿಸಿಕೊಂಡರು. ಬರೆಯುವುದು ಮಾತ್ರ ಸಂಜೆ, ಮಕ್ಕಳು ಶಾಲೆಯಿಂದ ಬಂದ ಮೇಲೆ. ಕೆಲವೊಮ್ಮೆ ನೆನಪು ತಪ್ಪಿ ಜಗಳವೂ ಆಗುತ್ತದೆ.

ನಮ್ಮ ಕಡೆ ಬದಲಾದದ್ದು ಇಷ್ಟು. ಮೊದಲ ತಿಂಗಳು ಯಾವ ವಿದ್ಯಾರ್ಥಿಯ ಕೈಗೂ ಪ್ರಶ್ನಾವಳಿ ಕೊಡುವುದಿಲ್ಲ. ವಾರಕ್ಕೊಂದು ಸಂಭಾಷಣೆಯ ಹಾಳೆ ಕಡ್ಡಾಯ, ಅದನ್ನು ನಾನು ಓದಿ ಅಂಚಿನಲ್ಲಿ ಬರೆಯುವುದೂ ಕಡ್ಡಾಯ. ಶುರು ಮಾಡುವ ಪ್ರತಿ ಕೆಲಸದ ಎದುರು, ಮೇ ತಿಂಗಳ ನಂತರ ಅದನ್ನು ನೋಡಿಕೊಳ್ಳುವವರ ಹೆಸರು ಬರೆಯಬೇಕು. ಗುರುವಾರದ ಬದಲು ಶನಿವಾರ ಎಂಬುದನ್ನು ಕಾಲೇಜು ಸಹನಾ ಒಬ್ಬಳಿಗೆ ಮಾತ್ರ ಒಪ್ಪಿತ್ತು. ಬ್ಯಾಡಗಿಗೆ ಬರುವ ಎಲ್ಲ ವಿದ್ಯಾರ್ಥಿಗಳಿಗೂ ಅದೇ ಆಗಬೇಕೆಂದು ಪತ್ರ ಕೊಟ್ಟಿದ್ದೇವೆ. ಹೊಸ ವೇಳಾಪಟ್ಟಿ ಸಿದ್ಧವಾಗುವ ಮುಂಚೆ ಹೋಗಿ ಇನ್ನೊಮ್ಮೆ ಮಾತಾಡಬೇಕಿದೆ.